ಬೌಲಿಂಗ್ ಪಿನ್ನಿಗೆ ದಾರ ಕಟ್ಟಿದ್ದಾರೆ, ಇದು ಮೋಸ ಅಲ್ವಾ?

ಬೊಮ್ಮನಹಳ್ಳಿ ಬೌಲರ್
ಆಫೀಸಿನವರ ಜೊತೆ ಹೊಸದಾಗಿ ಶುರುವಾದ ಒಂದು ಬೌಲಿಂಗ್ ಸೆಂಟರಿಗೆ ಹೋಗಿದ್ದೆ. ಊರು ಬೆಂಗಳೂರೇ, ಹೆಸರು ಬೇಡ. ಚೆಂಡು ಬಿಟ್ಟ ಮೇಲೆ ನೋಡಿದರೆ ಎಲ್ಲ ಪಿನ್ನಿನ ತಲೆಗೂ ಕಪ್ಪು ದಾರ! ಬಿದ್ದ ಪಿನ್ನುಗಳನ್ನು ಮೇಲಕ್ಕೆ ಸರ್ರನೆ ಎಳೆದುಕೊಂಡು ಮತ್ತೆ ಇಳಿಸುತ್ತಾರೆ. ಒಂದು ಸಲವಂತೂ ಚೆಂಡು ತಾಗದ ಪಿನ್ ಪಕ್ಕದ ಪಿನ್ನಿನ ದಾರಕ್ಕೆ ಸಿಕ್ಕಿ ಬಿತ್ತು. ಸ್ಕೋರ್ ನನಗೇ ಬಂತು, ಆದರೂ ಸಮಾಧಾನ ಇಲ್ಲ.

ಮೊದಲು ಆಡುತ್ತಿದ್ದ ಜಾಗದಲ್ಲಿ ದಾರ ಗೀರ ಏನೂ ಇರಲಿಲ್ಲ. ನನ್ನದು ಎರಡು ಪ್ರಶ್ನೆ. ಇದನ್ನು ನಿಜವಾದ ಬೌಲಿಂಗ್ ಅನ್ನಬಹುದಾ? ಮತ್ತೆ, ದಾರ ಇಲ್ಲದ ಹಳೇ ಮೆಷಿನ್ ಹತ್ತು ಪಿನ್ನನ್ನು ಅಷ್ಟು ಬೇಗ ಹೇಗೆ ನಿಲ್ಲಿಸುತ್ತಿತ್ತು? ಆ ಪರದೆಯ ಹಿಂದೆ ಏನಿರುತ್ತದೆ?

ಸುಮ್ನೆ ಓದುಗ
ದಾರ ಇದ್ದರೇನು, ಬಿಟ್ಟರೇನು. ಬಿಲ್ ಎಷ್ಟಾಯಿತು, ಅದನ್ನು ಹೇಳಿ.

ಬೊಮ್ಮನಹಳ್ಳಿ ಬೌಲರ್
ಕಂಪನಿ ಕೊಟ್ಟಿತು ಗುರು. ಅದಕ್ಕೇ ದಾರದ ಬಗ್ಗೆ ಯೋಚಿಸುವಷ್ಟು ಪುರುಸೊತ್ತು.

ಗ್ರೀಸ್ ಕೈ
ನಾನು ಇದೇ ಕೆಲಸದಲ್ಲಿ ಇದ್ದವನು. ಬೌಲಿಂಗ್ ಮೆಕ್ಯಾನಿಕ್. ಮೊದಲು ಒಂದು ಮಾಲ್‌ನಲ್ಲಿ, ಈಗ ನಾಲ್ಕಾರು ಸೆಂಟರಿಗೆ ಕರೆದಾಗ ಹೋಗುತ್ತೇನೆ.

ನೀವು ನೋಡಿದ್ದು ಸ್ಟ್ರಿಂಗ್ ಮೆಷಿನ್. ಪಿನ್ನಿನ ತಲೆಯಲ್ಲಿ ತೂತು ಕೊರೆದು ದಾರ ಸೇರಿಸಿರುತ್ತಾರೆ. ಬಿದ್ದ ಪಿನ್ ದಾರವನ್ನು ಎಳೆಯುತ್ತದೆ, ಅದರಿಂದಲೇ ಯಾವ ಪಿನ್ ಬಿತ್ತು ಅಂತ ಮೆಷಿನ್‌ಗೆ ತಿಳಿಯುತ್ತದೆ. ಎಲ್ಲವನ್ನೂ ಎತ್ತಿ, ಬೀಳದೆ ಉಳಿದವನ್ನು ಮಾತ್ರ ವಾಪಸ್ ಇಳಿಸುತ್ತದೆ. ದಾರ ಒಂದಕ್ಕೊಂದು ಸುತ್ತಿಕೊಂಡರೆ ತಾನೇ ಎರಡು ಮೂರು ಸಲ ಎತ್ತಿಳಿಸಿ ಬಿಡಿಸಿಕೊಳ್ಳಲು ನೋಡುತ್ತದೆ. ಮೋಟಾರು ಕಮ್ಮಿ, ಕರೆಂಟು ಕಮ್ಮಿ, ನನ್ನಂಥವರ ಸಂಬಳವೂ ಕಮ್ಮಿ. ಮಾಲೀಕರು ಯಾಕೆ ಬೇಡ ಅಂತಾರೆ?

ಇನ್ನೊಂದು ದಾರ ಇಲ್ಲದ್ದು. ಅದನ್ನು ಫ್ರೀ ಫಾಲ್ ಅನ್ನುತ್ತಾರೆ. ಅದೇ ನನ್ನ ಪ್ರಕಾರ ಮೆಷಿನ್.

ಬೊಮ್ಮನಹಳ್ಳಿ ಬೌಲರ್
ಹಾಗಾದರೆ ಅದನ್ನೇ ಬಿಡಿಸಿ ಹೇಳಿ ಸರ್. ಸ್ಟ್ರೈಕ್ ಆಯಿತು, ಅಂದರೆ ಒಂದೇ ಎಸೆತಕ್ಕೆ ಹತ್ತೂ ಪಿನ್ ಬಿದ್ದವು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಕ್ಯಾಮೆರಾನಾ?

ಗ್ರೀಸ್ ಕೈ
ಸ್ಕೋರ್ ಲೆಕ್ಕಕ್ಕೆ ಈಗ ಕ್ಯಾಮೆರಾ ಇದೆ. ಆದರೆ ಪಿನ್ ನಿಲ್ಲಿಸುವ ಮೆಷಿನ್‌ಗೆ ಕ್ಯಾಮೆರಾ ಬೇಕಿಲ್ಲ. ನಾನು ಕೆಲಸ ಕಲಿತದ್ದು ಬ್ರನ್ಸ್‌ವಿಕ್ ಕಂಪನಿಯ ಎ-2 ಮೆಷಿನ್ ಮೇಲೆ. 1960ರ ದಶಕದ ಡಿಸೈನು. ಗೇರು, ಕ್ಯಾಮು, ಬೆಲ್ಟು, ಸ್ಪ್ರಿಂಗು. ಚಿಪ್ಪು ಅನ್ನುವ ಮಾತೇ ಇಲ್ಲ.

ಚೆಂಡು ಪಿನ್ನಿಗೆ ಹೊಡೆದು ಹಿಂದಿನ ಗುಂಡಿಗೆ ಬೀಳುತ್ತದೆ. ಅಲ್ಲಿ ದಪ್ಪ ಮೆತ್ತೆ ತೂಗುಹಾಕಿರುತ್ತಾರೆ, ಕೆಳಗೆ ಅಗಲವಾದ ಬೆಲ್ಟು ಓಡುತ್ತಿರುತ್ತದೆ. ಅಷ್ಟರಲ್ಲಿ ಮುಂದೆ ಒಂದು ಅಡ್ಡಪಟ್ಟಿ ಇಳಿಯುತ್ತದೆ, ಅದು ರೇಕ್. ಇನ್ನು ಯಾರೂ ಎಸೆಯಬಾರದು ಅಂತ ಅರ್ಥ. (ಆದರೂ ಎಸೆಯುತ್ತಾರೆ. ಶನಿವಾರ ರಾತ್ರಿ ರೇಕ್ ಬಗ್ಗಿಸದ ಗಿರಾಕಿ ಇಲ್ಲ.)

ಈಗ ಮೇಲಿಂದ ಹತ್ತು ತೂತಿನ ದೊಡ್ಡ ತಟ್ಟೆ ಕೆಳಗೆ ಬರುತ್ತದೆ. ಅದೇ ಡೆಕ್. ನಿಂತ ಪಿನ್ ಇದ್ದರೆ ಅದರ ತಲೆ ತಟ್ಟೆಯಲ್ಲಿರುವ ಹಲಗೆಗೆ ತಾಗುತ್ತದೆ. ತಾಗಿದರೆ ಇಕ್ಕಳ ಮುಚ್ಚಿಕೊಂಡು ಆ ಪಿನ್ನಿನ ಕತ್ತು ಹಿಡಿದು ಮೇಲೆತ್ತುತ್ತದೆ, ರೇಕ್ ಬಿದ್ದವನ್ನು ಹಿಂದಕ್ಕೆ ಗುಡಿಸುತ್ತದೆ, ಡೆಕ್ ಮತ್ತೆ ಇಳಿದು ಹಿಡಿದ ಪಿನ್ನನ್ನು ಅಲ್ಲೇ ಇಡುತ್ತದೆ. ಏನೂ ತಾಗದಿದ್ದರೆ ಡೆಕ್ ಇನ್ನೂ ಕೆಳಗೆ ಹೋಗುತ್ತದೆ. ಅದೇ ಸ್ಟ್ರೈಕ್ ಅನ್ನುವ ಸೂಚನೆ. ಇಷ್ಟೇ. ಮುಟ್ಟಿ ನೋಡಿ ತಿಳಿದುಕೊಳ್ಳುವ ಮೆಷಿನ್ ಅದು.

ಗುಂಡಿಯಲ್ಲಿ ಬಿದ್ದ ಪಿನ್ನುಗಳನ್ನು ಬೆಲ್ಟು ಹಿಂದಕ್ಕೆ ತಳ್ಳುತ್ತದೆ. ಹಿಂದೆ ಆಳೆತ್ತರದ ಚಕ್ರ ಸುತ್ತುತ್ತಿರುತ್ತದೆ, ಒಂದೊಂದೇ ಪಿನ್ನನ್ನು ಮೇಲಕ್ಕೆ ಒಯ್ಯುತ್ತದೆ. ಪಿನ್ ಯಾವ ಕಡೆ ಮುಖ ಮಾಡಿ ಬಂದರೂ ಭಾರವಾದ ಬುಡ ಮೊದಲು ಜಾರುವ ಹಾಗೆ ತಿರುಗಿಸಿ, ಮೇಲಿನ ಬುಟ್ಟಿಯ ಒಂದೊಂದು ಖಾನೆಗೆ ಇಳಿಸುತ್ತಾರೆ. ಬುಟ್ಟಿ ಒಂದೊಂದೇ ಮನೆ ತಿರುಗುತ್ತಾ ತುಂಬುತ್ತದೆ. ತುಂಬಿದ ಮೇಲೆ ಹತ್ತೂ ಒಟ್ಟಿಗೆ ಡೆಕ್‌ಗೆ. ಒಂದು ಲೇನಿಗೆ, ಅಂದರೆ ಚೆಂಡು ಉರುಳುವ ಒಂದು ಹಾದಿಗೆ, ಇಪ್ಪತ್ತಕ್ಕೂ ಜಾಸ್ತಿ ಪಿನ್ ಬೇಕಾಗುವುದು ಇದಕ್ಕೇ. ನೀವು ಒಂದು ಸೆಟ್ ಬೀಳಿಸುವಾಗ ಇನ್ನೊಂದು ಸೆಟ್ ಮೇಲೆ ತಯಾರಾಗಿರುತ್ತದೆ. ನಿಮಗೆ ಬೇಗ ಅನ್ನಿಸುವುದರ ಗುಟ್ಟು ಅದು.

ಚೆಂಡು ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಅಲ್ಲಿ ಒಂದು ಬೆಲ್ಟು ಅದಕ್ಕೆ ವೇಗ ಕೊಟ್ಟು ಲೇನ್ ಕೆಳಗಿನ ಹಳಿಯಲ್ಲಿ ವಾಪಸ್ ಕಳಿಸುತ್ತದೆ.

ಸುಮ್ನೆ ಓದುಗ
ತಮಾಷೆಗೆ ಬಂದೆ, ಪೂರ್ತಿ ಓದಿಬಿಟ್ಟೆ.

ಗಣಿತ ಮೇಷ್ಟ್ರು
ಒಂದು ಅನುಮಾನ. ಪಿನ್ ಪಿನ್ನಿಗೆ ನಡುವಿನ ಅಂತರ 12 ಇಂಚು, ಎಸೆಯುವವರು ದಾಟಬಾರದ ಫೌಲ್ ಗೆರೆಯಿಂದ ಮುಂದಿನ ಪಿನ್ನಿಗೆ 60 ಅಡಿ, ಎಲ್ಲ ಲೆಕ್ಕ ಸರಿ. ಆದರೆ ಚೆಂಡು ಉಜ್ಜಿಕೊಂಡು ಹೋಗಿ ಪಿನ್ ಬೀಳದೆ ಮೂರು ಇಂಚು ಪಕ್ಕಕ್ಕೆ ಸರಿದರೆ? ನಿಯಮದ ಪ್ರಕಾರ ಅದು ಸರಿದ ಜಾಗದಲ್ಲೇ ಇರಬೇಕು. ನಿಮ್ಮ ಮೆಷಿನ್ ಅದನ್ನು ಎತ್ತಿ ಮೊದಲಿನ ಜಾಗಕ್ಕೆ ಇಟ್ಟರೆ ಅದೂ ಮೋಸವೇ ಅಲ್ಲವೇ?

ಗ್ರೀಸ್ ಕೈ
ಇಡುವುದಿಲ್ಲ ಮೇಷ್ಟ್ರೇ. ಇಕ್ಕಳ ಪಿನ್ ಎಲ್ಲಿದೆಯೋ ಅಲ್ಲೇ ಕಚ್ಚುತ್ತದೆ, ಅಲ್ಲೇ ಇಡುತ್ತದೆ. ತೀರಾ ದೂರ ಸರಿದಿದ್ದರೆ ಇಕ್ಕಳಕ್ಕೆ ಸಿಗುವುದಿಲ್ಲ, ಮೆಷಿನ್ ನಿಂತುಬಿಡುತ್ತದೆ. ಆಗ ನಾವು ಹಿಂದಿನಿಂದ ಓಡಬೇಕು.

ಆದರೆ ನಿಮ್ಮ ಪ್ರಶ್ನೆ ಸ್ಟ್ರಿಂಗ್‌ಗೆ ಸರಿಯಾಗಿ ತಾಗುತ್ತದೆ. ಅದು ಎಲ್ಲವನ್ನೂ ಎತ್ತಿ ಹಳೇ ಗುರುತಿನ ಮೇಲೇ ಇಳಿಸುತ್ತದೆ. ಸರಿದ ಪಿನ್ ಮನೆಗೆ ವಾಪಸ್.

ಕುಂದಾಪ್ರದವ
ಲಗೋರಿಯಲ್ಲಿ ಕಲ್ಲು ಬೀಳಿಸುವುದು ಸುಲಭ, ಚೆಂಡಿನೇಟು ತಪ್ಪಿಸಿಕೊಂಡು ವಾಪಸ್ ಜೋಡಿಸುವುದೇ ಆಟ. ಇವರು ಕಷ್ಟದ ಅರ್ಧ ಮೆಷಿನ್‌ಗೆ ಕೊಟ್ಟು, ಸುಲಭದ ಅರ್ಧಕ್ಕೆ ದುಡ್ಡು ಕೊಡುತ್ತಾರೆ 😄

ಮಿಲ್ವಾಕೀ ಮಲೆನಾಡಿಗ
ಕುಂದಾಪ್ರದವರೇ, ಏಟು ತಪ್ಪಿಸಿಕೊಂಡು ಜೋಡಿಸುವ ಕೆಲಸ ನಿಜವಾಗಿಯೂ ಇತ್ತು. ನಮ್ಮೂರಲ್ಲಿ ಈಗಲೂ ನೋಡಿದ್ದೇನೆ.

ಮಿಲ್ವಾಕೀಯಲ್ಲಿ ಹೋಲರ್ ಹೌಸ್ ಅಂತ ಒಂದು ಹಳೇ ಬಾರ್ ಇದೆ. ನೆಲಮಾಳಿಗೆಯಲ್ಲಿ ಎರಡೇ ಲೇನು, 1908ರವು. ಅಮೆರಿಕದಲ್ಲಿ ಅಧಿಕೃತ ಮಾನ್ಯತೆ ಪಡೆದ ಲೇನುಗಳಲ್ಲಿ ಅತ್ಯಂತ ಹಳೆಯವು ಅಂತ ಹೆಸರು. ಅಲ್ಲಿ ಮೆಷಿನ್ನೇ ಇಲ್ಲ. ಪಿನ್ ಜೋಡಿಸಲು ಹುಡುಗರು ಇರುತ್ತಾರೆ. ಚೆಂಡು ಬರುವಾಗ ಗುಂಡಿಯ ಹಿಂದಿನ ಕಟ್ಟೆಯ ಮೇಲೆ ಕಾಲು ಎತ್ತಿ ಕೂರುತ್ತಾರೆ. ಪಿನ್ ಬಿದ್ದ ಮೇಲೆ ಜಿಗಿದು ಇಳಿದು, ಚೆಂಡನ್ನು ಎತ್ತಿ ಇಳಿಜಾರಿನ ಹಳಿಯ ಮೇಲಿಟ್ಟು, ಪಿನ್ ಜೋಡಿಸಿ, ಮತ್ತೆ ಕಟ್ಟೆ ಹತ್ತುತ್ತಾರೆ. ಪಿನ್ ಒಂದೊಂದೂ ಒಂದೂವರೆ ಕೆ.ಜಿ.ಗಿಂತ ಜಾಸ್ತಿ, ಚೆಂಡು ಏಳು ಕೆ.ಜಿ.ವರೆಗೆ. ಲೆಕ್ಕ ಹಾಕಿ.

ನನಗಂತೂ ಆ ಸದ್ದು, ಆ ಮರದ ವಾಸನೆ ಬಹಳ ಇಷ್ಟವಾಯಿತು. ಮೆಷಿನ್ ಇಲ್ಲದ ಬೌಲಿಂಗ್ ಮುಂದೆ ನಿಮ್ಮ ದಾರದ ಜಗಳವೆಲ್ಲ ಸಣ್ಣದು.

ಶಾರದಾ ಎಚ್.
ವಾರಾಂತ್ಯಕ್ಕೆ ಟಿಪ್ಸ್ ತೆಗೆದುಕೊಂಡು ಜೋಡಿಸುವ ಕಾಲೇಜು ಹುಡುಗರನ್ನು ನೋಡಿದರೆ ಇಷ್ಟವಾಗಲೇಬೇಕು. ಮೆಷಿನ್ ಬರುವ ಮುಂಚೆ ಆ ಕೆಲಸ ಮಾಡುತ್ತಿದ್ದವರು ಮಕ್ಕಳು ಸ್ವಾಮಿ.

ಲೂಯಿಸ್ ಹೈನ್ ಅನ್ನುವ ಫೋಟೋಗ್ರಾಫರ್ ಅಮೆರಿಕದ ಬಾಲಕಾರ್ಮಿಕರ ಚಿತ್ರ ತೆಗೆದವನು. ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಊರೂರು ತಿರುಗಿದ. 1910ರಲ್ಲಿ ಬ್ರೂಕ್ಲಿನ್‌ನ ಒಂದು ಬೌಲಿಂಗ್ ಅಡ್ಡೆಯಲ್ಲಿ ತೆಗೆದ ಚಿತ್ರ ಇದೆ. ಹೊತ್ತು ರಾತ್ರಿ ಒಂದು ಗಂಟೆ. ಲೇನಿನ ಕೊನೆಯಲ್ಲಿ ಪಿನ್ ಜೋಡಿಸುವ ಹುಡುಗರು. ಇವರಿಗಿಂತ ಚಿಕ್ಕ ಮೂವರನ್ನು ಯಜಮಾನ ಚಿತ್ರದಿಂದ ಆಚೆ ಇಟ್ಟ ಅಂತ ಹೈನ್ ಕೆಳಗೆ ಬರೆದುಕೊಂಡಿದ್ದಾನೆ. ಚಿತ್ರದಲ್ಲಿ ಇರುವವರೇ ಚಿಕ್ಕವರು. ಇನ್ನು ಆಚೆ ಇದ್ದವರು ಎಷ್ಟು ಚಿಕ್ಕವರಿರಬೇಕು?

ಮೆಷಿನ್ ಬಂದು ಕೆಲಸ ಹೋಯಿತು ಅಂತ ಎಲ್ಲದಕ್ಕೂ ಅಳಬೇಕಾಗಿಲ್ಲ. ಕೆಲವು ಕೆಲಸ ಹೋಗಿದ್ದೇ ಒಳ್ಳೆಯದು.

ಮಿಲ್ವಾಕೀ ಮಲೆನಾಡಿಗ
ಅಕ್ಕಾ, ನಾನು ಬಾಲಕಾರ್ಮಿಕತೆ ಬೇಕು ಅನ್ನಲಿಲ್ಲ. ಕೈಯಿಂದ ಪಿನ್ ಜೋಡಿಸುವುದನ್ನು ಒಮ್ಮೆ ನೋಡಿ ಅಂದೆ.

ಶಾರದಾ ಎಚ್.
ನೋಡಿ, ಬೇಡ ಅನ್ನಲ್ಲ. ಟಿಪ್ಸ್ ಜಾಸ್ತಿ ಕೊಡಿ.

ಹಳೇ ಸ್ಕೂಟರ್
ಮೆಷಿನ್ ಬಂದದ್ದು ಮಕ್ಕಳ ಮೇಲಿನ ಕರುಣೆಯಿಂದ ಏನಲ್ಲ. ಎರಡನೇ ಮಹಾಯುದ್ಧದಲ್ಲಿ ಹುಡುಗರೇ ಸಿಗಲಿಲ್ಲ. ಆಗ ಬ್ರನ್ಸ್‌ವಿಕ್ ಕಂಪನಿ ಮೊದಲ ಆಟೊಮ್ಯಾಟಿಕ್ ಮೆಷಿನ್ ತಂದಿತು.

ಕಡತಪ್ರಿಯ
ಯುದ್ಧದಲ್ಲಿ ಹುಡುಗರು ಸಿಗಲಿಲ್ಲ ಅನ್ನುವುದು ನಿಜ. ಉಳಿದದ್ದು ಉಲ್ಟಾ.

ಮೆಷಿನ್ ಕಂಡುಹಿಡಿದವನು ಫ್ರೆಡ್ ಶ್ಮಿಟ್, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಊರಿನವನು. 1930ರ ದಶಕದಲ್ಲೇ ಕೆಲಸ ಶುರು ಮಾಡಿದ್ದ. ಅವನ ಮೊದಲ ಮಾದರಿಯಲ್ಲಿ ಪಿನ್ ಎತ್ತುತ್ತಿದ್ದದ್ದು ಇಕ್ಕಳ ಅಲ್ಲ, ಗಾಳಿ ಹೀರುವ ರಬ್ಬರ್ ಕಪ್ಪು. ಬ್ರನ್ಸ್‌ವಿಕ್ ಆಗ ಬೌಲಿಂಗ್ ಸಾಮಾನಿನ ದೊಡ್ಡ ಕಂಪನಿ. ಅವರ ಬಳಿ ಹೋದ, ಅವರು ಬೇಡ ಅಂದರು. ಪೇಟೆಂಟ್ ಕೊಂಡದ್ದು ಎಎಂಎಫ್, ಅಂದರೆ ಅಮೆರಿಕನ್ ಮೆಷಿನ್ ಆ್ಯಂಡ್ ಫೌಂಡ್ರಿ. ಅವರು ಸಿಗರೇಟು ಮತ್ತು ಬೇಕರಿ ಮೆಷಿನ್ ಮಾಡುತ್ತಿದ್ದವರು, ಬೌಲಿಂಗ್‌ಗೆ ಹೊಸಬರು. ಅಲ್ಲಿನ ಮೋರ್‌ಹೆಡ್ ಪ್ಯಾಟರ್ಸನ್ ಇದರ ಮೇಲೆ ದುಡ್ಡು ಹಾಕಲು ಗಟ್ಟಿ ಮನಸ್ಸು ಮಾಡಿದ.

1946ರಲ್ಲಿ ಬಫಲೋ ನಗರದ ಟೂರ್ನಮೆಂಟಿನ ಹೊತ್ತಿಗೆ ಜನರಿಗೆ ತೋರಿಸಿದರು. ಒಂಬತ್ತು ಅಡಿ ಎತ್ತರ, ಎರಡು ಟನ್ ಹತ್ತಿರ ತೂಕ. ಜನ ಬೆರಗಾದರು, ಆದರೆ ದಿನಾ ಓಡಿಸುವ ಹಾಗಿರಲಿಲ್ಲ. ಮತ್ತೆ ಬಿಚ್ಚಿ ಕಟ್ಟಿ, 1950ರ ದಶಕದ ಶುರುವಿನಲ್ಲಿ ಮಿಷಿಗನ್‌ನ ಮೌಂಟ್ ಕ್ಲೆಮೆನ್ಸ್‌ನಲ್ಲಿ ಮೊದಲ ಸಲ ವ್ಯಾಪಾರಕ್ಕೆ ಕೂರಿಸಿದರು. ಬ್ರನ್ಸ್‌ವಿಕ್ ಎದ್ದು ಓಡಿ ತನ್ನ ಮಾಡೆಲ್ ಎ ತಂದದ್ದು 1955-56ರ ಹೊತ್ತಿಗೆ.

ಇನ್ನೊಂದು ಜಾಣತನ ನೋಡಿ. ಎಎಂಎಫ್ ಮೆಷಿನ್ ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ಎಷ್ಟು ಆಟ ಆಡಿದರೋ ಅಷ್ಟಕ್ಕೆ ದುಡ್ಡು. ಸೆಂಟರಿನವನಿಗೆ ಕೈಯಿಂದ ದೊಡ್ಡ ಗಂಟು ಹಾಕುವ ತಲೆನೋವಿಲ್ಲ. ಬ್ರನ್ಸ್‌ವಿಕ್ ಕಂತಿನಲ್ಲಿ ಮಾರಿತು. 1960ರ ದಶಕದಲ್ಲಿ ಬೌಲಿಂಗ್ ಹುಚ್ಚು ಇಳಿದಾಗ ಕಂತು ಕಟ್ಟಲಾಗದೆ ಎಷ್ಟೋ ಸೆಂಟರು ಮುಳುಗಿದವು, ಬ್ರನ್ಸ್‌ವಿಕ್ ಷೇರೂ ನೆಲಕ್ಕೆ ಬಿತ್ತು.

ಹಳೇ ಸ್ಕೂಟರ್
ಎಎಂಎಫ್ ಅಂದರೆ ಹಾರ್ಲಿ ಡೇವಿಡ್ಸನ್ ಕೊಂಡಿದ್ದ ಅದೇ ಎಎಂಎಫ್ಫಾ?

ಕಡತಪ್ರಿಯ
ಅದೇ. 1969ರಿಂದ 1981ರವರೆಗೆ ಹಾರ್ಲಿ ಅವರದ್ದೇ.

ಹಳೇ ಸ್ಕೂಟರ್
ಆ ಕಾಲದ ಹಾರ್ಲಿ ನಿಂತಲ್ಲೇ ಆಯಿಲ್ ಸೋರುತ್ತಿತ್ತು ಅಂತ ಇವತ್ತಿಗೂ ಬೈಯುತ್ತಾರೆ. ಪಿನ್ ಮೆಷಿನ್ ಹೇಗೋ?

ಗ್ರೀಸ್ ಕೈ
ಎಎಂಎಫ್‌ನ 82-70 ಅನ್ನುವ ಪಿನ್ ಮೆಷಿನ್ ಮುಟ್ಟಿದ್ದೇನೆ. ಸದ್ದು ಜೋರು, ಆದರೆ ಗಟ್ಟಿ ಜೀವ. ಹಾರ್ಲಿ ಗೊತ್ತಿಲ್ಲ, ನಮ್ಮ ಸಂಬಳಕ್ಕೆ ಸ್ಪ್ಲೆಂಡರ್ರೇ.

ಲೀಗ್ ಲಲಿತಾ
ಹಾರ್ಲಿ ಬಿಡಿ, ಮೊದಲ ಪ್ರಶ್ನೆಗೆ ಬನ್ನಿ. ನಾನು ಅಮೆರಿಕದಲ್ಲಿ ಲೀಗ್ ಆಡುತ್ತೇನೆ, ದಾರ ಇಲ್ಲದ ಲೇನಿನಲ್ಲಿ.

ಇದು ನಿಜವಾದ ಬೌಲಿಂಗಾ ಅನ್ನುವುದಕ್ಕೆ ಅಲ್ಲಿನ ಬೌಲಿಂಗ್ ಆಡಳಿತ ಸಂಸ್ಥೆ ಯುಎಸ್‌ಬಿಸಿ (ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್) ಒಂದು ಉತ್ತರ ಕೊಟ್ಟಿದೆ. 2023ರ ಆಗಸ್ಟ್‌ನಿಂದ ದಾರದ ಬೌಲಿಂಗಿಗೆ ಮಾನ್ಯತೆ ಕೊಟ್ಟರು, ಆದರೆ ಬೇರೆ ವಿಭಾಗ ಮಾಡಿ. ದಾರದ ಸರಾಸರಿ ಬೇರೆ, ಫ್ರೀ ಫಾಲ್ ಸರಾಸರಿ ಬೇರೆ. ಅವರದೇ ಪರೀಕ್ಷೆಯಲ್ಲಿ ದಾರದ ಲೇನಿನಲ್ಲಿ ಸ್ಟ್ರೈಕ್ ಕಮ್ಮಿ ಬಿದ್ದವು. ಎರಡೂ ಒಂದೇ ಆಗಿದ್ದರೆ ಎರಡು ಪುಸ್ತಕ ಯಾಕೆ ಇಡುತ್ತಿದ್ದರು?

ಕಾರಣ ಸರಳ. ದಾರ ಇಲ್ಲದ ಪಿನ್ ಪಕ್ಕದ ಗೋಡೆಗೆ ಹೊಡೆದು ವಾಪಸ್ ಉರುಳಿ ಬಂದು ಇನ್ನೊಂದನ್ನು ಬೀಳಿಸುತ್ತದೆ. ಎಷ್ಟೋ ಸ್ಟ್ರೈಕು ಹಾಗೆ ಕೊನೇ ಗಳಿಗೆಯಲ್ಲಿ ಬರುತ್ತವೆ. ಹತ್ತನೇ ಪಿನ್ ಅಲ್ಲಾಡದೆ ನಿಂತಿರುತ್ತದೆ, ಎಲ್ಲ ಮುಗಿಯಿತು ಅನ್ನುವಾಗ ಎಲ್ಲಿಂದಲೋ ಒಂದು ಪಿನ್ ಮೆಲ್ಲಗೆ ಉರುಳಿ ಬಂದು ತಟ್ಟುತ್ತದೆ. ಆ ಒಂದು ಕ್ಷಣಕ್ಕಾಗಿ ನಾವು ಚಪ್ಪಲಿ ಬಾಡಿಗೆ ಕೊಟ್ಟು ಆಡುವುದು. ದಾರ ಆ ಪಿನ್ನನ್ನು ಅರ್ಧ ದಾರಿಯಲ್ಲೇ ಹಿಡಿದುಬಿಡುತ್ತದೆ.

ಗಣಿತ ಮೇಷ್ಟ್ರು
ಆದರೆ ಬೊಮ್ಮನಹಳ್ಳಿಯವರಿಗೆ ದಾರ ಸಿಕ್ಕಿ ಪಿನ್ ಬಿತ್ತಲ್ಲ. ಅದು ಲಾಭ. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಸರಾಸರಿಯಲ್ಲಿ ನಷ್ಟ ಜಾಸ್ತಿ, ಅಷ್ಟೇ.

ಲೀಗ್ ಲಲಿತಾ
ಮೇಷ್ಟ್ರೇ, ಚೆಂಡು ಮುಟ್ಟದ ಪಿನ್ನನ್ನು ದಾರ ಬೀಳಿಸಿದರೆ ಅದು ನನ್ನ ಆಟ ಅಲ್ಲ. ಲಾಭ ಆದರೂ ಬೇಡ.

ಟೊರೊಂಟೊ ತಿಮ್ಮ
ದಾರ ಅಂದರೆ ಹೊಸ ಕಂತ್ರಿ ಕೆಲಸ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಕೆನಡಾದಲ್ಲಿ ಫೈವ್‌ಪಿನ್ ಅಂತ ಆಟ ಇದೆ. ಟೊರೊಂಟೊದ ಥಾಮಸ್ ರಯಾನ್ 1909ರ ಸುಮಾರಿಗೆ ಶುರು ಮಾಡಿದ್ದು. ಐದು ಸಣ್ಣ ಪಿನ್, ಬೆರಳು ತೂತಿಲ್ಲದ ಸಣ್ಣ ಚೆಂಡು. ಅಲ್ಲಿ ದಾರದ ಮೆಷಿನ್ ಎಷ್ಟೋ ದಶಕಗಳಿಂದ ಇದೆ. ನನ್ನ ಮಕ್ಕಳಿಗೆ ಬೌಲಿಂಗ್ ಅಂದರೆ ಅದೇ. ಜರ್ಮನಿಯ ಒಂಬತ್ತು ಪಿನ್ನಿನ ಆಟದಲ್ಲೂ ದಾರವೇ, ಅಲ್ಲಿ ದೊಡ್ಡ ದೊಡ್ಡ ಪಂದ್ಯಗಳೇ ನಡೆಯುತ್ತವೆ. ಅವರ್‍ಯಾರೂ ಮೋಸ ಅನ್ನುವುದಿಲ್ಲ.

ಲೀಗ್ ಲಲಿತಾ
ಅವು ದಾರದ ಜೊತೆಗೇ ಬೆಳೆದ ಆಟಗಳು. ನಾನು ಹೇಳುತ್ತಿರುವುದು ಹತ್ತು ಪಿನ್ನಿನದ್ದು.

ಟೊರೊಂಟೊ ತಿಮ್ಮ
ಹತ್ತು ಪಿನ್ನಿನದ್ದೂ ಹುಡುಗರ ಜೊತೆ ಬೆಳೆದ ಆಟ. ಮೆಷಿನ್ ಬಂದಾಗ ಯಾರೂ ಬೇರೆ ಪುಸ್ತಕ ಇಡಲಿಲ್ಲವಲ್ಲ?

ಲೀಗ್ ಲಲಿತಾ
ಹುಡುಗ ಪಿನ್ ಇಟ್ಟು ಕೈ ತೆಗೆಯುತ್ತಿದ್ದ ತಿಮ್ಮಣ್ಣ. ಚೆಂಡು ಬರುವಾಗ ಪಿನ್ನಿನ ಜುಟ್ಟು ಹಿಡಿದುಕೊಂಡು ನಿಲ್ಲುತ್ತಿರಲಿಲ್ಲ.

ಸುಮ್ನೆ ಓದುಗ
😂😂 ಲಲಿತಕ್ಕನಿಗೆ ಸ್ಟ್ರೈಕ್.

ಬಾಲ್ಟಿಮೋರ್ ಭಟ್ಟ
ಒಂದು ಕತೆ ಹೇಳುತ್ತೇನೆ, ಆಮೇಲೆ ದಾರಕ್ಕೆ ಬೈಯಿರಿ.

ನಮ್ಮ ಕಡೆ ಡಕ್‌ಪಿನ್ ಅಂತ ಆಟ. ಗಿಡ್ಡ ಪಿನ್, ಅಂಗೈಯಲ್ಲಿ ಹಿಡಿಯುವ ಚೆಂಡು, ಒಂದು ಸರದಿಗೆ ಮೂರು ಎಸೆತ. ಮೇರಿಲ್ಯಾಂಡ್, ಕನೆಕ್ಟಿಕಟ್, ರೋಡ್ ಐಲೆಂಡ್ ಕಡೆ ಒಂದು ಕಾಲಕ್ಕೆ ಬಹಳ ಜೋರಿತ್ತು. 1953ರಲ್ಲಿ ಕೆನ್ ಶರ್ಮನ್ ಅನ್ನುವವನು ಇದಕ್ಕೆ ಆಟೊಮ್ಯಾಟಿಕ್ ಮೆಷಿನ್ ಮಾಡಿದ. ಆಟ ಏರಿತು. ಬ್ರನ್ಸ್‌ವಿಕ್ ಪೇಟೆಂಟ್ ಕೇಳಿತು, ಶರ್ಮನ್ ಕೊಡಲಿಲ್ಲ. 1973ರ ಹೊತ್ತಿಗೆ ಅವನ ಕಂಪನಿ ಮುಚ್ಚಿತು. ಅಲ್ಲಿಗೆ ಹೊಸ ಮೆಷಿನ್ ನಿಂತುಹೋಯಿತು.

ಆಮೇಲೆ ಏನಾಯಿತು ಗೊತ್ತಾ? ಒಂದು ಸೆಂಟರ್ ಮುಚ್ಚಿದರೆ ಇನ್ನೊಂದು ಸೆಂಟರಿನವರು ಲಾರಿ ತಂದು ಮೆಷಿನ್ ಬಿಚ್ಚಿಕೊಂಡು ಹೋಗುವುದು, ಬಿಡಿಭಾಗಕ್ಕೆ. ಆಡುವವರು ಇದ್ದರು, ಜಾಗ ಇತ್ತು. ಹೊಸದಾಗಿ ತೆರೆಯುತ್ತೇನೆ ಅನ್ನುವವನಿಗೆ ಕೂರಿಸಲು ಮೆಷಿನ್ ಇರಲಿಲ್ಲ. ಈಗ ಅಲ್ಲಿ ಇಲ್ಲಿ ಹೊಸ ಡಕ್‌ಪಿನ್ ಲೇನು ಕಾಣುತ್ತಿದೆ ಅಂದರೆ ಅದು ದಾರದ ಮೆಷಿನ್‌ನಿಂದ. ಹಳಬರು ಮೂಗು ಮುರಿಯುತ್ತಾರೆ, ಆದರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ಕಡತಪ್ರಿಯ
ಇದರ ಪಕ್ಕದಲ್ಲೇ ಕ್ಯಾಂಡಲ್‌ಪಿನ್ ಇಡಬೇಕು, ಮೇಣದಬತ್ತಿಯಂಥ ತೆಳ್ಳಗಿನ ಪಿನ್ನಿನ ಬೌಲಿಂಗ್. ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಲ್ಲಿ 1880ರಲ್ಲಿ ಹುಟ್ಟಿದ ಆಟ. ಅದಕ್ಕೆ ಮೆಷಿನ್ 1949ರಲ್ಲೇ ಬಂತು. ಬೌಲ್‌ಮೋರ್ ಅಂತ ಹೆಸರು, ಮಾಡಿಸಿದವರು ಇಬ್ಬರು ವಕೀಲರು. ಹತ್ತು ಪಿನ್ನಿನವರಿಗಿಂತ ಮೊದಲೇ ವ್ಯಾಪಾರಕ್ಕೆ ಇಳಿದದ್ದು ಇದು.

ಹಳೇ ಸ್ಕೂಟರ್
ವಕೀಲರು ಪಿನ್ ಜೋಡಿಸಿದರಾ? ಬರೀ ವಾಯಿದಾ ಹಾಕುವವರು ಅಂದುಕೊಂಡಿದ್ದೆ.

ಗ್ರೀಸ್ ಕೈ
ಕ್ಯಾಂಡಲ್‌ಪಿನ್ ಮೆಷಿನ್ ನಮ್ಮದಕ್ಕಿಂತ ಸುಲಭದ್ದು, ಯಾಕೆಂದರೆ ಅಲ್ಲಿ ಎಸೆತದ ನಡುವೆ ಬಿದ್ದ ಪಿನ್ ತೆಗೆಯುವುದೇ ಇಲ್ಲ. ಬಿದ್ದದ್ದು ಬಿದ್ದ ಹಾಗೇ ಇರುತ್ತದೆ, ಅದನ್ನೂ ಬಳಸಿ ಹೊಡೆಯಬಹುದು. ನಿಂತ ಪಿನ್ ಹಿಡಿದು ಎತ್ತಿ ಇಡುವುದೇ ನಮ್ಮ ಮೆಷಿನ್‌ನ ತಲೆನೋವು. ಅದು ಬೇಡ ಅಂದರೆ ಅರ್ಧ ಗೇರು ಕಮ್ಮಿ.

ಆಸ್ಟಿನ್ ಅನ್ನಪೂರ್ಣ
ಕೈಯಿಂದ ಜೋಡಿಸುವುದು ಬರೀ ಮಿಲ್ವಾಕೀಯಲ್ಲಿ ಅಲ್ಲ. ಟೆಕ್ಸಾಸಿನಲ್ಲಿ ಸ್ಯಾನ್ ಆಂಟೋನಿಯೋ ಸುತ್ತಮುತ್ತ ಜರ್ಮನ್ನರು ನೆಲೆಸಿದ ಊರುಗಳಿವೆ. ಅಲ್ಲಿ ಒಂಬತ್ತು ಪಿನ್ನಿನ ಕ್ಲಬ್ಬುಗಳು ಇನ್ನೂ ನಡೆಯುತ್ತವೆ, ಪಿನ್ ಜೋಡಿಸುವುದು ಕೈಯಿಂದಲೇ. ಬ್ಲಾಂಕೊ ಊರಿನಲ್ಲಿ ಹೋಟೆಲಿನ ಪಕ್ಕದಲ್ಲೇ ಲೇನು. ತಿಂಡಿ ತಿಂದು ಆಡಬಹುದು, ಕ್ಲಬ್ಬಿನವರ ಪರಿಚಯ ಇದ್ದರೆ.

ಆಟವೂ ಬೇರೆ. ತಂಡಕ್ಕೆ ಕ್ಯಾಪ್ಟನ್ ಇರುತ್ತಾನೆ, ಯಾರು ಎಸೆಯಬೇಕು ಅಂತ ಅವನೇ ಹೇಳುತ್ತಾನೆ. ನಡುವಿನ ಪಿನ್ ಕೆಂಪು. ಎಲ್ಲವನ್ನೂ ಬೀಳಿಸಿದರೆ ಒಂಬತ್ತು, ಕೆಂಪನ್ನೊಂದೇ ಉಳಿಸಿ ಮಿಕ್ಕದ್ದು ಬೀಳಿಸಿದರೆ ಹನ್ನೆರಡು. ಬೀಳಿಸದೆ ಇದ್ದುದಕ್ಕೆ ಜಾಸ್ತಿ ಅಂಕ!

ಕುಂದಾಪ್ರದವ
ಅನ್ನಪೂರ್ಣಕ್ಕ, ತಿಂಡಿಗೆ ಏನಿರುತ್ತದೆ ಹೇಳಲಿಲ್ಲ.

ಆಸ್ಟಿನ್ ಅನ್ನಪೂರ್ಣ
ಪೈ ಚೆನ್ನಾಗಿರುತ್ತದೆ. ಉಪ್ಪಿಟ್ಟು ಕೇಳಬೇಡಿ.

ಶಾರದಾ ಎಚ್.
ಗ್ರೀಸ್ ಕೈ ಅವರೇ, ಒಂದು ಕೇಳಬೇಕು ಅನ್ನಿಸಿತು. ಹಿಂದೆ ಹುಡುಗರಿಗೆ ಪಿನ್ ಏಟು ಬೀಳುತ್ತಿತ್ತು. ಈಗ ಮೆಷಿನ್ ಹಿಂದೆ ಇರುವ ನಿಮಗೆ?

ಗ್ರೀಸ್ ಕೈ
ಒಳ್ಳೇದು ಕೇಳಿದಿರಿ ಅಕ್ಕ, ಇದನ್ನು ಯಾರೂ ಕೇಳುವುದಿಲ್ಲ.

ಫ್ರೀ ಫಾಲ್ ಮೆಷಿನ್ ಅಪಾಯದ್ದೇ. ಬೆಲ್ಟು, ಸರಪಳಿ, ಇಳಿಯುವ ಡೆಕ್, ತಿರುಗುವ ಚಕ್ರ. ಮೆಷಿನ್ ಸುಮ್ಮನೆ ನಿಂತಿದೆ ಅಂತ ಕೈ ಹಾಕಿದರೆ, ಆ ಕಡೆ ಯಾರೋ ಚೆಂಡು ಬಿಟ್ಟರೆ ಮುಗಿಯಿತು, ಅದಕ್ಕೆ ನಿಮ್ಮ ಕೈಗೂ ಪಿನ್ನಿಗೂ ವ್ಯತ್ಯಾಸ ಗೊತ್ತಿಲ್ಲ. ಕೈ ಹಾಕುವ ಮೊದಲು ಕರೆಂಟು ತೆಗೆದು ಬೀಗ ಹಾಕಬೇಕು. ನಾನು ಕೆಲಸ ಕಲಿತ ಜಾಗದಲ್ಲಿ ಶನಿವಾರ ಜನ ಜಾಸ್ತಿ ಇದ್ದಾಗ ಮ್ಯಾನೇಜರು "ಆಫ್ ಮಾಡಬೇಡಿ, ಹಾಗೇ ತೆಗೆದುಬಿಡಿ" ಅನ್ನುತ್ತಿದ್ದರು. ನನ್ನ ಜೊತೆಯವನ ಬೆರಳಿನ ತುದಿ ಹಾಗೇ ಹೋಯಿತು. ಆಮೇಲೆ ನಾನು ಅಲ್ಲಿ ಇರಲಿಲ್ಲ. ಜಾಗದ ಹೆಸರು ಕೇಳಬೇಡಿ.

ನನಗೆ ದಾರದ ಮೆಷಿನ್ ಇಷ್ಟ ಇಲ್ಲ, ಆದರೆ ಈ ಒಂದು ವಿಷಯದಲ್ಲಿ ಅದಕ್ಕೆ ಸಲಾಮು. ಒಳಗೆ ಕೈ ಹಾಕುವ ಕೆಲಸವೇ ಕಮ್ಮಿ. ಕೆಲಸದ ಹುಡುಗರಿಗೆ ಬೇಗ ಕಲಿಸಬಹುದು.

ಇಷ್ಟ ಇಲ್ಲದಿರುವುದಕ್ಕೆ ಕಾರಣ ಬೇರೆ. ಎ-2ನಲ್ಲಿ ಏನಾದರೂ ಕೆಟ್ಟರೆ ಕಿವಿಯಲ್ಲೇ ಗೊತ್ತಾಗುತ್ತದೆ. ಬುಟ್ಟಿಯಲ್ಲಿ ಪಿನ್ ಸಿಕ್ಕಿದ ಸದ್ದು ಬೇರೆ, ಬೆಲ್ಟು ಜಾರುವ ಸದ್ದು ಬೇರೆ. ಎಂಟು ಲೇನು ಓಡುವಾಗ ಟೀ ಕುಡಿಯುತ್ತಾ ಆರನೇದು ಈಗ ನಿಲ್ಲುತ್ತದೆ ಅಂತ ಹೇಳಬಹುದು. ಒಂದು ಬುಶ್ ಸವೆದರೆ ಲೇತ್ ಅಂಗಡಿಯಲ್ಲಿ ಮಾಡಿಸಿ ಹಾಕಿದ್ದೇವೆ, ಪಾರ್ಟ್ ಕಸ್ಟಮ್ಸ್‌ನಲ್ಲಿ ಕೂತಿದ್ದಾಗ. ಪೀಣ್ಯದಲ್ಲಿ ಏನು ಬೇಕಾದರೂ ಮಾಡಿಕೊಡುತ್ತಾರೆ, ಸವೆದ ಹಳೇದನ್ನು ಕೈಗೆ ಕೊಟ್ಟರೆ ಸಾಕು. ದಾರದ್ದರಲ್ಲಿ ಬೋರ್ಡು ಹೋದರೆ ಬೋರ್ಡು ಬದಲಾಯಿಸು. ದಾರ ಹೋದರೆ ದಾರ ಬದಲಾಯಿಸು. ಅದರಲ್ಲಿ ಕಿವಿಗೆ ಕೆಲಸ ಇಲ್ಲ.

ಗಣಿತ ಮೇಷ್ಟ್ರು
ಆಯುಧಪೂಜೆಗೆ ಪಿನ್ ಮೆಷಿನ್‌ಗೂ ಪೂಜೆ ಇರುತ್ತದಾ?

ಗ್ರೀಸ್ ಕೈ
ಇಲ್ಲದೆ? ಗೇರ್‌ಬಾಕ್ಸಿಗೆ ಕುಂಕುಮ, ರೇಕ್‌ಗೆ ಹೂವಿನ ಹಾರ. ಕುಂಬಳಕಾಯಿ ಮಾತ್ರ ಹೊರಗೆ ಒಡೆಯಬೇಕು. ಒಮ್ಮೆ ಒಬ್ಬ ಲೇನ್ ಮೇಲೆ ಒಡೆಯಲು ಹೋಗಿದ್ದ, ಎಣ್ಣೆ ಹಾಕಿದ ಮರದ ಮೇಲೆ! ಹಿಡಿದು ನಿಲ್ಲಿಸಿದೆವು.

ಟೊರೊಂಟೊ ತಿಮ್ಮ
ಕುಂಬಳಕಾಯಿಯನ್ನೇ ಉರುಳಿಸಿದ್ದರೆ ಫೈವ್‌ಪಿನ್ನಿನಷ್ಟಾದರೂ ಬೀಳುತ್ತಿತ್ತು.

ಬೊಮ್ಮನಹಳ್ಳಿ ಬೌಲರ್
ಇಷ್ಟು ಓದಿದ ಮೇಲೂ ನನಗೆ ದಾರ ಇಷ್ಟವಾಗುತ್ತಿಲ್ಲ. ಆದರೆ ಡಕ್‌ಪಿನ್ ಕತೆ ಕೇಳಿ ಬೈಯುವ ಹುರುಪು ಇಳಿಯಿತು. ಲಲಿತಕ್ಕ ಹೇಳಿದ್ದು ಸರಿ ಅನ್ನಿಸುತ್ತದೆ. ಬೇರೆ ಆಟ ಅಂತ ಬೋರ್ಡ್ ಹಾಕಲಿ, ಬುಕಿಂಗ್ ಮಾಡುವಾಗಲೇ ಹೇಳಲಿ.

ಗ್ರೀಸ್ ಕೈ ಸರ್, ಹಿಂದೆ ಹೋಗಿ ಹಳೇ ಮೆಷಿನ್ ನೋಡಬೇಕು ಅಂತ ಆಸೆ. ಕೇಳಿದರೆ ಬಿಡುತ್ತಾರಾ?

ಗ್ರೀಸ್ ಕೈ
ಕೆಲವರು ಬಿಡುತ್ತಾರೆ. ವಾರದ ನಡುವೆ ಮಧ್ಯಾಹ್ನ ಹೋಗಿ, ಗಿರಾಕಿ ಕಮ್ಮಿ ಇರುತ್ತದೆ. ಮ್ಯಾನೇಜರನ್ನಲ್ಲ, ಮೆಕ್ಯಾನಿಕ್ ಯಾರು ಅಂತ ಕೇಳಿ. ನಮ್ಮ ಕೆಲಸದ ಬಗ್ಗೆ ಯಾರಾದರೂ ವಿಚಾರಿಸಿದರೆ ನಾವು ಇಲ್ಲ ಅನ್ನುವುದು ಅಪರೂಪ. ಮುಚ್ಚಿದ ಶೂ ಹಾಕಿಕೊಳ್ಳಿ, ಕೊರಳಲ್ಲಿ ಐಡಿ ಕಾರ್ಡ್ ನೇತಾಡಿಸಿಕೊಂಡು ಬರಬೇಡಿ. ಏನನ್ನೂ ಮುಟ್ಟಬೇಡಿ. ಕಿವಿಗೆ ಹತ್ತಿ ಇದ್ದರೆ ಒಳ್ಳೇದು.

ಗಣಿತ ಮೇಷ್ಟ್ರು
ನಾನೂ ಬರಬಹುದಾ? ಆ ಬುಡ ಮೊದಲು ಜಾರುವ ವ್ಯವಸ್ಥೆ ನೋಡಬೇಕು. ಮಕ್ಕಳಿಗೆ ಗುರುತ್ವ ಕೇಂದ್ರ ಪಾಠಕ್ಕೆ ಚೆನ್ನಾಗಿರುತ್ತದೆ.

ಗ್ರೀಸ್ ಕೈ
ಬನ್ನಿ ಮೇಷ್ಟ್ರೇ. ಖಾಸಗಿ ಸಂದೇಶ ಕಳಿಸಿ, ಎಲ್ಲಿ ಅಂತ ಹೇಳುತ್ತೇನೆ. ಮಕ್ಕಳನ್ನು ಕರೆತರುವುದಾದರೆ ಮೊದಲೇ ತಿಳಿಸಿ, ಆ ಹೊತ್ತು ಎರಡು ಲೇನು ಆಫ್ ಮಾಡಿಸಬೇಕಾಗುತ್ತದೆ.

ಹಳೇ ಸ್ಕೂಟರ್
ಹಾರ್ಲಿ ಆಯಿಲ್ ಸೋರುವ ವಿಷಯಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ. ಆಸಕ್ತಿ ಇದ್ದವರು ಅಲ್ಲಿಗೆ ಬನ್ನಿ.